ಸಾರ್, ಅದನ್ನ ಯಾರು ನೋಡಿದ್ರು?

ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಹಳೇ ಸ್ಟೂಡೆಂಟ್ ಒಬ್ಬ ಸಿಕ್ಕಿದ್ದ, ಈಗ ಫಸ್ಟ್ ಪಿಯುಸಿ ಸೈನ್ಸು. ನಮಸ್ಕಾರ ಸಾರ್ ಅಂದವನೇ "ನೀವು ನೈನ್ತಲ್ಲಿ ಹೇಳ್ಕೊಟ್ಟ ಪರಮಾಣು ಎಲ್ಲಾ ಸುಳ್ಳಂತಲ್ಲ ಸಾರ್, ಎಲೆಕ್ಟ್ರಾನು ಹಂಗೆಲ್ಲ ಗುಂಡಗೆ ಸುತ್ತಲ್ವಂತೆ" ಅಂದ. ನಗ್ತಾನೇ ಅಂದ ಪಾಪ, ಆದ್ರೂ ನಂಗೆ ಚುರುಕ್ ಅಂತು. ಎಲೆಕ್ಟ್ರಾನು ಗುಂಡಗೆ ಸುತ್ತುತ್ತೆ ಅಂತ ಬೋರ್ ಅನ್ನೋ ವಿಜ್ಞಾನಿ ಹೇಳಿದ್ದು 1913ರಲ್ಲಿ ಕಣೋ, ಹೈಡ್ರೋಜನ್ ಬೆಳಕಿನ ಗೆರೆಗಳಿಗೆ ಅವನ ಲೆಕ್ಕ ಕರೆಕ್ಟಾಗಿ ಕೂತ್ಕೊಳ್ತು, ಹೀಲಿಯಂಗೆ ಬಂದಾಗ ಕೈಕೊಡ್ತು, ಹಂಗಂತ ಸುಳ್ಳು ಅಲ್ಲ ಅನ್ನೋ ಅಷ್ಟರಲ್ಲಿ ಅವನ ಬಸ್ ಬಂತು.

ತಪ್ಪು ಅವನದಲ್ಲ, ನಂದೇ. ಎಷ್ಟೋ ವರ್ಷ ಈ ಪಾಠನ ನಾನು ವಂಶಾವಳಿ ಓದಿದಂಗೆ ಓದಿಸಿದೀನಿ. 1808 ಡಾಲ್ಟನ್, 1897 ಥಾಮ್ಸನ್, 1911 ರುದರ್‌ಫೋರ್ಡ್, 1913 ಬೋರ್, 1932 ಚಾಡ್ವಿಕ್ ನ್ಯೂಟ್ರಾನ್, ಹಿಂದಿನವನು ತಪ್ಪು ಮುಂದಿನವನು ಸರಿ, ಯಾವ ಸುತ್ತಲ್ಲಿ ಎಷ್ಟು ಎಲೆಕ್ಟ್ರಾನ್ ಅನ್ನೋ 2, 8, 8 ಬಾಯಿಪಾಠ, ಚಿತ್ರ ಬರೆದು ಭಾಗ ಗುರುತಿಸಿ, ಮುಗೀತು. ಪೋರ್ಷನ್ ಮುಗಿಸೋ ಗಡಿಬಿಡೀಲಿ ಇದೇ ಆಗೋದು. ಥಾಮ್ಸನ್ ಮಾದರಿಗೆ ಕಲ್ಲಂಗಡಿ ಹಣ್ಣಿನ ಹೋಲಿಕೆ (ಬೀಜದ ಥರ ಒಳಗೆಲ್ಲ ಎಲೆಕ್ಟ್ರಾನ್) ಕೊಟ್ರೆ ಒಬ್ಬ ಟೆಸ್ಟಲ್ಲಿ "ಎಲೆಕ್ಟ್ರಾನ್ ಕಪ್ಪು ಬಣ್ಣದ್ದು" ಅಂತ ಬರೆದಿದ್ದ! ಹಣ್ಣು ನೆನಪಿತ್ತು, ಪರಮಾಣು ಹೋಗಿತ್ತು.

ಪ್ರತೀ ವರ್ಷ ಹಿಂದಿನ ಬೆಂಚಿಂದ ಒಂದು ಪ್ರಶ್ನೆ ಬಂದೇ ಬರುತ್ತೆ, "ಅಷ್ಟು ಸಣ್ಣದನ್ನ ಯಾರು ನೋಡಿದ್ರು ಸಾರ್?" ಮೊದಲೆಲ್ಲ ಕೂತ್ಕೊಳೋ ಅಂತಿದ್ದೆ. ಈಗ ಆ ಪ್ರಶ್ನೆ ಬರೋವರ್ಗೂ ಕಾಯ್ತೀನಿ, ಪಾಠ ಶುರುವಾಗೋದೇ ಅಲ್ಲಿಂದ ಅಂತ ನಂಗನ್ಸುತ್ತೆ. ಯಾರೂ ನೋಡಿರಲಿಲ್ಲ. ಡಾಲ್ಟನ್‌ನಂಥವರು ತೂಕ ಹಾಕಿ ಹಾಕಿ ಊಹೆ ಮಾಡಿದ್ರು. 12 ಗ್ರಾಂ ಕಾರ್ಬನ್ ಜೊತೆ 16 ಗ್ರಾಂ ಆಕ್ಸಿಜನ್ ಸೇರಿದ್ರೆ ಕಾರ್ಬನ್ ಮಾನಾಕ್ಸೈಡ್, 32 ಗ್ರಾಂ ಸೇರಿದ್ರೆ ಡೈಆಕ್ಸೈಡ್, ಸರಿಯಾಗಿ ಡಬಲ್. ಅಂಗಡೀಲಿ ಎಣ್ಣೆನ ಎಷ್ಟು ಬೇಕಾದ್ರೂ ಅಳೆದು ಕೊಡ್ತಾರೆ, ಮೊಟ್ಟೆನ ಒಂದೂಕಾಲು ಕೊಡಿ ಅಂತ ಕೇಳಕ್ಕಾಗುತ್ತಾ? ಆಕ್ಸಿಜನ್ ಮೊಟ್ಟೆ ಥರ ನಡ್ಕೊಳ್ತಿದೆ ಅಂದ್ರೆ ಅದು ಬಿಡಿಬಿಡಿ ಕಾಳಾಗೇ ಇರಬೇಕು. ಇಷ್ಟು ಹೇಳಿದ್ರೆ ಹುಡುಗ್ರ ಮುಖ ಬದಲಾಗುತ್ತೆ. ಅದೇ ಡಾಲ್ಟನ್ ನೀರಲ್ಲಿ ಒಂದು ಹೈಡ್ರೋಜನ್ ಒಂದೇ ಆಕ್ಸಿಜನ್ ಅಂತ ಎಡವಿದ್ದನ್ನೂ ಹೇಳ್ತೀನಿ, ಆಗಂತೂ ಕ್ಲಾಸಿಗೆ ಭಾರೀ ಖುಷಿ.

ತೆಳು ಚಿನ್ನದ ಹಾಳೆ ಮೇಲೆ ಆಲ್ಫಾ ಅನ್ನೋ ಸಣ್ಣ ಕಣಗಳನ್ನ ಬಿಟ್ಟು ನೋಡಿದ ರುದರ್‌ಫೋರ್ಡ್ ಪ್ರಯೋಗದ ಬಾಣದ ಗುರುತಿನ ಚಿತ್ರ ಎಲ್ಲರ ನೋಟ್ಸಲ್ಲೂ ಇರುತ್ತೆ, ಅದರ ಹಿಂದೆ ಕೂತಿದ್ದ ಮನುಷ್ಯರು ಮಾತ್ರ ಇರಲ್ಲ. 1909, ಮ್ಯಾಂಚೆಸ್ಟರ್, ರುದರ್‌ಫೋರ್ಡ್ ಲ್ಯಾಬಿನ ಗೈಗರ್ ಜೊತೆ ಮಾರ್ಸ್‌ಡನ್ ಅನ್ನೋ 20 ವರ್ಷದ ಹುಡುಗ, ಇನ್ನೂ ಡಿಗ್ರಿ ಓದ್ತಿದ್ದವನು. ಕತ್ತಲೆ ರೂಮಲ್ಲಿ ಮೊದಲು ಕಣ್ಣು ಹೊಂದಿಕೊಳ್ಳೋವರ್ಗೂ ಸುಮ್ಮನೆ ಕೂರೋದು, ಆಮೇಲೆ ಜಿಂಕ್ ಸಲ್ಫೈಡ್ ಪರದೆಗೆ ಮೈಕ್ರೋಸ್ಕೋಪ್ ಹಚ್ಚಿ ಆಲ್ಫಾ ಕಣ ಬಡಿದಾಗ ಮಿಣುಕೋ ಚುಕ್ಕೆನ ಒಂದೊಂದಾಗಿ ಎಣಿಸೋದು. ಸಾವಿರಾರು ಕಣದಲ್ಲಿ ಎಲ್ಲೋ ಒಂದು ವಾಪಸ್ ಬಂತು. ಅಂದ್ರೆ ಪರಮಾಣು ನಡುವೆ ಸಣ್ಣ ಗಟ್ಟಿ ನ್ಯೂಕ್ಲಿಯಸ್ ಇದೆ ಅಂತ ರುದರ್‌ಫೋರ್ಡ್ ಹೇಳೋಕೆ ಇನ್ನೂ ಎರಡು ವರ್ಷ ಹಿಡೀತು. ನಾವು ಅದನ್ನ ಎರಡು ಮಾರ್ಕ್ಸಿಗೆ ಮುಗಿಸ್ತೀವಿ.

ಈ ಸಲ ಗೋಲಿ ತಂದಿದ್ದೆ. ನೆಲದ ಮೇಲೆ ಒಂದು ಡಬ್ಬಿ, ಅದರ ಮೇಲೆ ಅಗಲದ ಪ್ಲೈವುಡ್ ತುಂಡು, ಅಡೀಲೇನಿದೆ ಅಂತ ಬಗ್ಗಿ ನೋಡೋ ಹಾಗಿಲ್ಲ, ಬರೀ ಗೋಲಿ ಉರುಳಿಸಿ ಹೇಳಬೇಕು. ಮೊದಲ ಹತ್ತು ನಿಮಿಷ ಬರೀ ಗಲಾಟೆ, ಎರಡು ಗೋಲಿ ಬೀರು ಕೆಳಗೆ ಹೋಗಿ ಇವತ್ತಿಗೂ ಸಿಕ್ಕಿಲ್ಲ. ಒಬ್ಬ ಹುಡುಗಿ ಮಾತ್ರ ಗೋಡೆಗೆ ಒರಗಿ ಕೂತು ನೋಟ್‌ಬುಕ್ ಕೊನೇ ಪುಟದಲ್ಲಿ ಗೆರೆ ಹಾಕ್ತಿದ್ಲು, 40 ಸಲ ಉರುಳಿಸಿದ್ದಕ್ಕೆ 31 ನೇರ ಹೋಯ್ತು, 7 ಸೊಟ್ಟ, 2 ವಾಪಸ್. "ಸಾರ್ ಇಟ್ಟಿಗೆ ಅಲ್ಲ ಅದು. ಇಟ್ಟಿಗೆ ಆಗಿದ್ರೆ ಒಂದೇ ಕಡೆಯಿಂದ ಬಿಟ್ಟಿದ್ದೆಲ್ಲ ಒಂದೇ ಥರ ತಿರುಗ್ತಿತ್ತು, ಇದು ಒಂದೊಂದು ಸಲ ಒಂದೊಂದು ಕಡೆ ಹೋಗುತ್ತೆ, ಗುಂಡಗಿದೆ, ಸಣ್ಣದು" ಅಂದ್ಲು. ನಾನಂತೂ ಆ ಮಾತು ಹೇಳ್ಕೊಟ್ಟಿರಲಿಲ್ಲ.

ಸರೀನಾ ತಪ್ಪಾ, ಎತ್ತಿ ತೋರ್ಸಿ ಸಾರ್ ಅಂತ ಎಲ್ಲಾ ಒಂದೇ ಸಮ ಕೂಗಾಟ. ರುದರ್‌ಫೋರ್ಡ್‌ಗೆ ಯಾರೂ ಎತ್ತಿ ತೋರಿಸ್ಲಿಲ್ಲ ಕಣ್ರೋ ಅಂದು ಎತ್ತದೇ ಬಂದ್ಬಿಟ್ಟೆ. ಬೆಲ್ ಆದ್ಮೇಲೆ ಸ್ಟಾಫ್ ರೂಮಿನ ಕಿಟಕಿಯಿಂದ ನೋಡ್ತೀನಿ, ಮೂರು ಜನ ಯೂನಿಫಾರ್ಮಲ್ಲೇ ನೆಲಕ್ಕೆ ಮಲಗಿ ಸಂದೀಲಿ ಇಣುಕ್ತಿದಾರೆ, ಆ ಹುಡುಗಿ ಮಾತ್ರ ಹತ್ರಾನೂ ಹೋಗಿಲ್ಲ, ಆರಾಮಾಗಿ ಟಿಫನ್ ಬಾಕ್ಸ್ ತೊಳೀತಿದ್ಲು.