ಮೊದಲ ಸಲ ನೋಡೋರಿಗೆ ನೋಡೋಕೆ ಬಿಡಿ

ನಿನ್ನೆ ರಾತ್ರಿ ನಾನಾಡೋ ಆನ್‌ಲೈನ್ ಆಟದಲ್ಲಿ ನನ್ನನ್ನು ಒಂದು ಡಂಜನ್‌ನಿಂದ, ಅಂದರೆ ಐದು ಜನ ಸೇರಿ ರಾಕ್ಷಸರ ಜೊತೆ ಹೋರಾಡ್ತಾ ಸಾಗೋ ಗುಹೆಯಿಂದ, ಹೊರಗೆ ಹಾಕಿದರು. ಕೆಟ್ಟದಾಗಿ ಆಡಿದೆ ಅಂತ ಅಲ್ಲ. ನಮ್ಮ ಗುಂಪಿನಲ್ಲಿ ಯಾರೂ ಸತ್ತಿರಲಿಲ್ಲ. ನಾನು ಹೀಲರ್, ಗಾಯಗೊಂಡವರನ್ನು ಮಂತ್ರ ಹಾಕಿ ವಾಸಿ ಮಾಡೋಳು, ಎಲ್ಲರ ಹೆಲ್ತ್ ಬಾರ್ ಹಸಿರಾಗೇ ಇತ್ತು. ಕೊನೆಯ ಬಾಸ್‌ನ, ಅಂದರೆ ಎಲ್ಲರಿಗಿಂತ ದೊಡ್ಡ ಶತ್ರುವಿನ, ಬಾಗಿಲ ಹತ್ತಿರ ಕಥೆ ಹೇಳೋ ಪುಟ್ಟ ಸಿನಿಮಾದಂಥ ಒಂದು ಕಟ್‌ಸೀನ್ ಶುರುವಾಯಿತು, ನಾನು ನೋಡ್ತಾ ನಿಂತೆ, ಅಷ್ಟೇ. ಯಾವ ರಾಣಿಯ ಸುಳಿವು ಹುಡುಕಿಕೊಂಡು ಇಷ್ಟು ದಿನ ಕಾಡು ಬೆಟ್ಟ ಅಲೆದಿದ್ದೆನೋ, ಆ ರಾಣಿ ಮೊದಲ ಸಲ ಎದುರಿಗೆ ಬಂದು ಮಾತಾಡ್ತಿದ್ದಳು. ಕೆಳಗೆ ಚಾಟ್‌ನಲ್ಲಿ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು. ಆಮೇಲೆ ಸಾಲಾಗಿ ನಾಲ್ಕೈದು. ಆಮೇಲೆ 'ಸ್ಕಿಪ್', ಮತ್ತೆ 'ಸ್ಕಿಪ್', ಕೊನೆಗೆ ಒಂದು ಬೈಗುಳ. ರಾಣಿಯ ಮಾತು ಮುಗಿಯೋ ಮೊದಲೇ ಪರದೆ ಕಪ್ಪಾಯಿತು. ನಿಮ್ಮನ್ನು ಪಾರ್ಟಿಯಿಂದ ತೆಗೆಯಲಾಗಿದೆ ಅನ್ನೋ ಒಂದೇ ಸಾಲು. ಇದನ್ನು ನಿನ್ನೆಯೇ ಇಲ್ಲಿ ಪೋಸ್ಟ್ ಹಾಕಿದ್ದೆ.

ನಾನು ಈ ಲೋಕಕ್ಕೆ ಬಂದದ್ದು ಯಾಕೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ತಮ್ಮ ದೂರ ಹೋದ ಮೇಲೆ ಫೋನಿನಲ್ಲಿ ಊಟ ಆಯ್ತಾ, ಆಯ್ತು ಅನ್ನೋದರ ಆಚೆಗೆ ಮಾತೇ ಬೆಳೀತಿರಲಿಲ್ಲ. ಅವನೇ ಹೇಳಿದ್ದು, ಅಕ್ಕಾ, ನಾನು ಆಡೋ ಆಟಕ್ಕೆ ಬಾ, ಅಲ್ಲಿ ಸಿಗೋಣ ಅಂತ. ಮಾಟಗಾತಿ, ಡ್ರ್ಯಾಗನ್, ಶಾಪಗ್ರಸ್ತ ರಾಜ್ಯ ಇವೆಲ್ಲ ನನಗೆ ಚಿಕ್ಕಂದಿನಿಂದ ಹುಚ್ಚು. ಹಗಲೆಲ್ಲ ಮಕ್ಕಳಿಗೆ ಗಣಿತ ಹೇಳಿಕೊಡೋಳಿಗೆ ರಾತ್ರಿ ಒಂದು ಗಂಟೆ ಕೋಲು ಹಿಡಿದು ಮಂತ್ರ ಹಾಕೋದು ಎಷ್ಟು ಖುಷಿ ಕೊಡ್ತು ಅಂತ ಇದೇ ಗೋಡೆಯ ಮೇಲೆ ಬರೆದಿದ್ದೆ. ಆ ಖುಷಿ ಈಗಲೂ ಇದೆ. ಅದಕ್ಕೇ ಇಷ್ಟು ಸಿಟ್ಟು ಬರ್ತಿದೆ.

ನನ್ನ ತಕರಾರು ಒಂದೇ. ಈ ಆಟಗಳಲ್ಲಿ ಮೊದಲ ಸಲ ಬಂದವರಿಗೆ ಮೊದಲ ಸಲ ಅನ್ನೋದನ್ನು ಅನುಭವಿಸೋಕೆ ಯಾರೂ ಬಿಡೋದಿಲ್ಲ. ಆಡೋರೂ ಬಿಡೋದಿಲ್ಲ, ಆಟ ಕಟ್ಟಿದವರೂ ಅದಕ್ಕೆ ಜಾಗ ಇಟ್ಟಿರೋದಿಲ್ಲ.

ಕಲಿಸೋ ರೀತಿಯನ್ನೇ ನೋಡಿ. ನಡೆಯೋದು ಹೇಗೆ, ಜಿಗಿಯೋದು ಹೇಗೆ, ಕ್ಯಾಮೆರಾ ತಿರುಗಿಸೋದು ಹೇಗೆ, ಇದನ್ನೆಲ್ಲ ನಾನು ಆಡೋ ಆಟ ಕೈಹಿಡಿದು ಹೇಳಿಕೊಡ್ತು. ಆಮೇಲೆ ತೋಳ ಕೊಲ್ಲು, ಹಂದಿ ಕೊಲ್ಲು, ಗಿಡಮೂಲಿಕೆ ತಾ. ಹತ್ತಾರು ಲೆವೆಲ್‌ಗಳು ಹೀಗೇ ಒಬ್ಬಳೇ ಏರಿದೆ. ಗುಂಪಿನಲ್ಲಿ ಆಡೋದು ಹೇಗೆ ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ. ಶತ್ರುಗಳ ಗಮನ ಟ್ಯಾಂಕ್ ಮೇಲೇ, ಅಂದರೆ ಏಟು ತಿನ್ನೋಕೆ ಮುಂದೆ ನಿಲ್ಲೋನ ಮೇಲೇ, ನಿಲ್ಲಬೇಕು, ಅದಕ್ಕೆ ಆಗ್ರೋ ಅಂತಾರೆ. ಟ್ಯಾಂಕ್ ಸರಿಯಾಗಿ ಒಂದೇಟು ಹಾಕೋ ಮೊದಲೇ ಹೀಲರ್ ಮಂತ್ರ ಹಾಕಿಬಿಟ್ಟರೆ ಆ ಆಗ್ರೋ ಹೀಲರ್ ಮೇಲೆ ಬರುತ್ತೆ, ಅಲ್ಲಿದ್ದ ರಾಕ್ಷಸರೆಲ್ಲ ಅವಳ ಕಡೆ ತಿರುಗ್ತಾರೆ. ಹೀಲರ್ ಆಗೋರಿಗೆ ಹೇಳಬೇಕಾದ ಮೊದಲ ಪಾಠ ಇದು. ನನಗೆ ಇದನ್ನು ಆಟ ಹೇಳಲಿಲ್ಲ. ಒಬ್ಬ ಅಪರಿಚಿತ ಬೈದು ಹೇಳಿದ. ಮೂವತ್ತು ಬಟನ್ ಪರದೆಯ ಮೇಲೆ ಹರಡಿ, ನಾಲ್ಕೈದು ಥರದ ನಾಣ್ಯ ಕೊಟ್ಟು, ಯಾವುದು ಯಾವುದಕ್ಕೆ ಅಂತ ಹೇಳದೆ ಒಂದು ದಿನ ಏಕಾಏಕಿ ಬಾಗಿಲು ತೆಗೆದು, ಈಗ ಅಪರಿಚಿತರ ಜೊತೆ ಸೇರಿ ಆಡು ಅಂದುಬಿಡುತ್ತೆ. ಅಂದರೆ ಕಲಿಸೋ ಕೆಲಸವನ್ನು ಪೂರ್ತಿ ಬೇರೆ ಆಟಗಾರರ ಹೆಗಲಿಗೆ ಹಾಕಿದ್ದಾರೆ. ಆ ಆಟಗಾರರಿಗೋ ಪುರುಸೊತ್ತೇ ಇಲ್ಲ.

ಅವರಿಗೆ ಪುರುಸೊತ್ತಿಲ್ಲ ಅನ್ನೋದು ಅವರೊಬ್ಬರ ಸ್ವಭಾವದ ದೋಷ ಅಂತ ನಾನು ಹೇಳೋದಿಲ್ಲ. ಇದಕ್ಕೊಂದು ಇತಿಹಾಸ ಇದೆ, ತಮ್ಮ ಹೇಳಿದ್ದು, ಆಮೇಲೆ ನಾನೂ ಓದಿಕೊಂಡೆ. 1999ರಲ್ಲಿ ಎವರ್‌ಕ್ವೆಸ್ಟ್ ಅನ್ನೋ ಇಂಥದೇ ಆಟ ಬಂದಾಗ ಸತ್ತರೆ ಗಳಿಸಿದ ಅನುಭವದ ಅಂಕ ಕಳೆದುಹೋಗ್ತಿತ್ತು, ಸಾಮಾನೆಲ್ಲ ಹೆಣದ ಮೇಲೇ ಉಳೀತಿತ್ತು. ಸತ್ತ ಜಾಗಕ್ಕೆ ವಾಪಸ್ ಹೋಗಿ ತಗೊಳ್ಳಬೇಕು, ಅದಕ್ಕೆ ಇನ್ನೊಬ್ಬರ ಸಹಾಯ ಬೇಕು. ಆಟ ಕಠಿಣವಾಗಿತ್ತು, ಆದರೆ ಪಕ್ಕದವನ ಹಂಗಿಲ್ಲದೆ ಬದುಕೋ ಹಾಗಿರಲಿಲ್ಲ. 2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು, ಸಾವಿನ ಶಿಕ್ಷೆ ಹಗುರಾಯಿತು, ಜನ ಕೋಟಿ ಲೆಕ್ಕದಲ್ಲಿ ನುಗ್ಗಿದರು. ಆಗಲೂ ಡಂಜನ್‌ಗೆ ಹೋಗಬೇಕಂದ್ರೆ ಚಾಟ್‌ನಲ್ಲಿ ಕೂಗಿ ಕರೆದು ಜನ ಸೇರಿಸಬೇಕಿತ್ತು, ಆ ಗುಹೆಯ ಬಾಗಿಲ ತನಕ ಪಯಣ ಮಾಡಬೇಕಿತ್ತು. ದಾರಿಯಲ್ಲಿ ಮಾತು ಬೆಳೀತಿತ್ತು. ಒಬ್ಬ ಒರಟಾಗಿ ನಡೆದುಕೊಂಡರೆ ಅವನ ಸರ್ವರ್‌ನಲ್ಲಿ, ಅಂದರೆ ಅದೇ ಲೋಕದಲ್ಲಿ ಒಟ್ಟಿಗೆ ಆಡೋರ ನಡುವೆ, ಅವನ ಹೆಸರು ಕೆಡ್ತಿತ್ತು, ಮುಂದಿನ ವಾರ ಅವನನ್ನು ಯಾರೂ ಕರೀತಿರಲಿಲ್ಲ.

2009ರ ಡಿಸೆಂಬರ್‌ನಲ್ಲಿ ಅದೇ ಆಟಕ್ಕೆ ಡಂಜನ್ ಫೈಂಡರ್ ಬಂತು. ಒಂದು ಬಟನ್ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಎತ್ತಿ ತಂದು ಗುಹೆಯೊಳಗೇ ಇಳಿಸುತ್ತೆ. ಮುಗಿದ ಮೇಲೆ ಅವರವರ ಪಾಡಿಗೆ ಅವರು. ಎಷ್ಟು ಅನುಕೂಲ! ನನ್ನಂಥ ಒಂದು ಗಂಟೆಯವಳಿಗೆ ಅದಿಲ್ಲದೆ ಡಂಜನ್ ನೋಡೋ ಭಾಗ್ಯವೇ ಇರ್ತಿರಲಿಲ್ಲ, ಅದನ್ನು ನಾನು ಮನಸಾರೆ ಒಪ್ತೀನಿ. ಆದರೆ ಎದುರಿಗಿರೋನು ಮತ್ತೆಂದೂ ಸಿಗೋದಿಲ್ಲ ಅಂತ ಗೊತ್ತಾದ ಮೇಲೆ ಅವನ ಜೊತೆ ಸಹನೆಯಿಂದ ಇರೋಕೆ ಕಾರಣವೇ ಉಳೀಲಿಲ್ಲ. ಈಗ ಬಹುಪಾಲು ಇಂಥ ಆಟಗಳಲ್ಲಿ ಇದೇ ವ್ಯವಸ್ಥೆ. ನಿನ್ನೆ ನನ್ನನ್ನು ತೆಗೆದವರಿಗೆ ನನ್ನ ಹೆಸರೂ ನೆನಪಿರಲಿಕ್ಕಿಲ್ಲ.

ಈಗ ಹಳಬರ ವಾದ. ನಿನ್ನೆಯ ಪೋಸ್ಟಿಗೇ ಒಬ್ಬರು ಬರೆದರು: ನಾವು ಆ ಡಂಜನ್ ನೂರು ಸಲ ಮಾಡಿದ್ದೀವಿ, ನಮ್ಮ ಸಮಯಕ್ಕೂ ಬೆಲೆ ಇಲ್ಲವಾ ಅಂತ. ಇದೆ, ಖಂಡಿತ ಇದೆ. ಆದರೆ ನೂರು ಸಲ ಮಾಡಿದ ಡಂಜನ್‌ಗೆ ನೂರಾ ಒಂದನೇ ಸಲ ನೀವು ಬಂದದ್ದು ಯಾಕೆ? ದಿನಕ್ಕೊಂದು ಸಲ ಹಳೇ ಡಂಜನ್ ಮಾಡಿದರೆ ಆಟ ನಿಮಗೆ ಬಹುಮಾನ ಕೊಡುತ್ತೆ, ಅದಕ್ಕೆ. ಆ ಬಹುಮಾನ ಇಟ್ಟಿರೋದು ಯಾಕೆ? ಹೊಸಬರು ಕಾಯ್ತಾ ಕೂರಬಾರದು, ಅವರ ಗುಂಪು ತುಂಬಬೇಕು ಅಂತ. ಫೈನಲ್ ಫ್ಯಾಂಟಸಿ ಫೋರ್ಟೀನ್‌ನಲ್ಲಂತೂ ಗುಂಪಿನಲ್ಲಿ ಮೊದಲ ಸಲ ಬಂದವರಿದ್ದರೆ ಉಳಿದವರಿಗೆ ಅದಕ್ಕಂತಲೇ ಪ್ರತ್ಯೇಕ ಬೋನಸ್ ಇದೆ. ಅಂದರೆ ಹೊಸಬರ ಜೊತೆ ಹೋಗೋದಕ್ಕೇ ನಿಮಗೆ ಸಂಬಳ ಸಿಗ್ತಿದೆ. ಸಂಬಳ ತಗೊಂಡು, ಯಾರಿಗೋಸ್ಕರ ಆ ಸಂಬಳವೋ ಅವರನ್ನೇ ಬಾಗಿಲಾಚೆ ದೂಡೋದು ನ್ಯಾಯವಾ? ಈ ಪ್ರಶ್ನೆಗೆ ನೇರ ಉತ್ತರ ಯಾರೂ ಕೊಟ್ಟಿಲ್ಲ. ಪ್ರತಿಯಾಗಿ ಬಂದದ್ದು ಒಂದೇ: ವಿಡಿಯೋ ನೋಡಿಕೊಂಡು ಬಾ.

ಈ ವಿಡಿಯೋ ಅನ್ನೋದರ ಬಗ್ಗೆ ನನಗಿರೋ ಬೇಸರ ಅಷ್ಟಿಷ್ಟಲ್ಲ. ಬಾಸ್ ಯಾರು, ಎಲ್ಲಿ ನಿಂತುಕೊಳ್ಳಬೇಕು, ನೆಲ ಯಾವಾಗ ಕೆಂಪಾಗುತ್ತೆ, ಕೊನೆಗೆ ಅವನೊಳಗಿಂದ ಏನು ಹೊರಗೆ ಬರುತ್ತೆ, ಎಲ್ಲವನ್ನೂ ಮೊದಲೇ ಬೇರೆಯವರ ಕಣ್ಣಲ್ಲಿ ನೋಡಿ ಮುಗಿಸಿ ಬರಬೇಕಂತೆ. ಹಾಗಾದ್ರೆ ನಾನು ಮಾಡೋಕೆ ಏನು ಉಳೀತು? ಬಟನ್ ಒತ್ತೋದು. ದೊಡ್ಡ ರೇಡ್‌ಗೆ, ಇಪ್ಪತ್ತು ಜನ ವಾರಗಟ್ಟಲೆ ತಯಾರಿ ಮಾಡೋ ಕಡೆ, ಓದಿಕೊಂಡು ಬನ್ನಿ ಅಂದ್ರೆ ಅದು ಸರಿ. ಕಥೆಯ ದಾರಿಯಲ್ಲಿ ಸಿಗೋ ಸಾಧಾರಣ ಡಂಜನ್‌ಗೂ ಅದೇ ನಿಯಮವಾ? ಗಣಿತದ ಪುಸ್ತಕದ ಕೊನೇ ಪುಟದಲ್ಲಿ ಉತ್ತರ ಇರುತ್ತೆ. ಅದನ್ನು ನೋಡಿ ಬರೆದ ಹುಡುಗನಿಗೂ, ತಪ್ಪು ಮಾಡಿ ಮಾಡಿ ಕಡೆಗೆ ತಾನೇ ಕಂಡುಕೊಂಡ ಹುಡುಗಿಗೂ ಅಂಕ ಒಂದೇ ಬರಬಹುದು. ಆ ಹುಡುಗಿಯ ಮುಖದಲ್ಲಿ ಆ ಕ್ಷಣ ಕಾಣೋ ಬೆಳಕನ್ನು ನಾನು ದಿನಾ ನೋಡ್ತೀನಿ. ನನಗೂ ಅದು ಬೇಕಿತ್ತು.

ಇದು ಹೊಸ ಆಸೆಯೂ ಅಲ್ಲ. ಇಂಥ ಆಟಗಳ ಬೇರು 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಅನ್ನೋ ಇಬ್ಬರು ವಿದ್ಯಾರ್ಥಿಗಳು ಬರೀ ಅಕ್ಷರಗಳಲ್ಲೇ ನಡೆಯೋ ಮಡ್ ಅನ್ನೋ ಆಟ ಕಟ್ಟಿದರು. ಚಿತ್ರ ಇಲ್ಲ, ಸದ್ದಿಲ್ಲ, ಕೋಣೆಯ ವರ್ಣನೆ ಓದಿ ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಬೇಕು. ಮುಂದೆ 1996ರಲ್ಲಿ ಬಾರ್ಟಲ್ ಬರೆದ ಒಂದು ಪ್ರಬಂಧದಲ್ಲಿ ಇಂಥ ಲೋಕಗಳಿಗೆ ಬರೋರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಗುರಿ ಮುಟ್ಟೋಕೆ ಬರೋರು, ಸುತ್ತಾಡಿ ಹುಡುಕೋಕೆ ಬರೋರು, ಬೆರೆಯೋಕೆ ಬರೋರು, ಬೇರೆಯವರ ಮೇಲೆ ಬೀಳೋಕೆ ಬರೋರು. ಈ ನಾಲ್ಕೂ ಬಗೆಯವರ ನಡುವಿನ ಸಮತೋಲದ ಮೇಲೆ ಆ ಲೋಕದ ಸ್ವರೂಪ ನಿಂತಿರುತ್ತೆ ಅನ್ನೋದು ಅವರ ವಾದ. ನಾನು ಎರಡನೇ ಬಗೆಯವಳು, ಸ್ವಲ್ಪ ಮೂರನೆಯವಳು. ನಿನ್ನೆಯ ಗುಂಪಿನಲ್ಲಿ ಮೊದಲನೇ ಬಗೆಯವರಿಗೆ ಮಾತ್ರ ಜಾಗ ಇತ್ತು.

ಆಟ ಕಟ್ಟೋರು ಮನಸ್ಸು ಮಾಡಿದರೆ ಇದನ್ನು ಸರಿಪಡಿಸೋಕೆ ಆಗೋದಿಲ್ಲ ಅಂತ ಯಾರಾದ್ರೂ ಹೇಳಿದರೆ ನಾನು ಒಪ್ಪೋದಿಲ್ಲ. ಮೇಲೆ ಹೇಳಿದ ಫೈನಲ್ ಫ್ಯಾಂಟಸಿ ಫೋರ್ಟೀನ್ ಕಥೆಯನ್ನೇ ಕೇಳಿ. 2010ರಲ್ಲಿ ಬಂದು ನೆಲಕಚ್ಚಿ, ಪೂರ್ತಿ ಮತ್ತೆ ಕಟ್ಟಿ 2013ರಲ್ಲಿ ವಾಪಸ್ ತಂದ ಆಟ ಅದು. ಅದರ ಮೊದಲ ಕಥಾಭಾಗದ ಕೊನೆಯಲ್ಲಿ ಎಂಟೆಂಟು ಜನರ ಎರಡು ದೊಡ್ಡ ಡಂಜನ್ ಇದ್ದವು. ತುಂಬಾ ಉದ್ದದ ಕಟ್‌ಸೀನ್‌ಗಳು. ಹಳಬರು ಸ್ಕಿಪ್ ಮಾಡಿ ಮುಂದೆ ಓಡ್ತಿದ್ದರು, ಹೊಸಬರು ಕಥೆ ನೋಡಿ ಮುಗಿಸೋ ಹೊತ್ತಿಗೆ ಬಾಸ್ ಸತ್ತುಬಿದ್ದಿರ್ತಿತ್ತು. ಇಷ್ಟು ದೂರ ನಡೆದು ಬಂದ ಕಥೆಯ ಕೊನೆಯ ಯುದ್ಧವನ್ನೇ ಅವರು ಕಾಣ್ತಿರಲಿಲ್ಲ. ತಯಾರಕರು ಮೊದಲು ಅಲ್ಲಿ ಕಟ್‌ಸೀನ್ ಸ್ಕಿಪ್ ಮಾಡೋದನ್ನೇ ನಿಲ್ಲಿಸಿದರು. ಆಗ ಹಳಬರು ಗೊಣಗಿದರು, ಅದರಲ್ಲೂ ಅರ್ಥ ಇತ್ತು. 2022ರ ಏಪ್ರಿಲ್‌ನಲ್ಲಿ ಎರಡನ್ನೂ ಬಿಚ್ಚಿ ಮತ್ತೆ ಜೋಡಿಸಿದರು. ನಾಲ್ಕು ಜನ ಸಾಕು ಅಂತ ಮಾಡಿದರು, ಅಪರಿಚಿತರ ಸಹವಾಸ ಬೇಡದವರು ಕಥೆಯ ಪಾತ್ರಗಳನ್ನೇ ಜೊತೆಗೆ ಕರೆದುಕೊಂಡು ಹೋಗಬಹುದು ಅಂತ ಮಾಡಿದರು. ಅದೇ ಆಟದಲ್ಲಿ ಹೊಸಬರ ಹೆಸರಿನ ಪಕ್ಕ ಪುಟ್ಟ ಮೊಳಕೆಯ ಚಿಹ್ನೆ ಇರುತ್ತೆ. ಮುಗಿದ ಮೇಲೆ ಗುಂಪಿನಲ್ಲಿ ಚೆನ್ನಾಗಿ ನಡೆದುಕೊಂಡ ಒಬ್ಬರಿಗೆ ಮೆಚ್ಚುಗೆ ಕೊಟ್ಟು ಹೋಗಬಹುದು. 2012ರಲ್ಲಿ ಬಂದ ಗಿಲ್ಡ್ ವಾರ್ಸ್ ಟೂನಲ್ಲಿ ದಾರಿಯಲ್ಲಿ ಬಿದ್ದವರನ್ನು ಯಾರು ಬೇಕಾದ್ರೂ ಎತ್ತಿ ನಿಲ್ಲಿಸಬಹುದು, ಎತ್ತಿದವರಿಗೆ ಅನುಭವದ ಅಂಕವೂ ಸಿಗುತ್ತೆ. ಅದಿರು ಅಗೆಯೋ ಜಾಗಕ್ಕೆ ಜಗಳ ಇಲ್ಲ, ಒಬ್ಬರು ಅಗೆದರೆ ಇನ್ನೊಬ್ಬರ ಪಾಲು ಹಾಗೇ ಇರುತ್ತೆ. ಜನ ಎಲ್ಲ ಕಡೆ ಒಂದೇ. ಲೋಕವನ್ನು ಹೇಗೆ ಕಟ್ಟಿದ್ದಾರೆ ಅನ್ನೋದರ ಮೇಲೆ ಅವರ ನಡತೆ ಬದಲಾಗುತ್ತೆ.

ನಾನಿರೋ ಆಟದಲ್ಲಿ ಇದ್ಯಾವುದೂ ಇಲ್ಲ. ಹೊಸಬರು ಅಂತ ತೋರಿಸೋ ಗುರುತು ಕೂಡ ಇಲ್ಲ. ಆದರೆ ಹಣ ಕೊಟ್ಟು ನೇರ ಕೊನೇ ಲೆವೆಲ್‌ಗೆ ಜಿಗಿಯೋ ಬಟನ್ ಮಾತ್ರ ಮೊದಲ ಪರದೆಯಲ್ಲೇ ಫಳಫಳ ಹೊಳೀತಾ ಇದೆ. ಕಥೆ ಬರೆದವರು, ಆ ಊರುಗಳ ಒಂದೊಂದು ಕಿಟಕಿ ಬಿಡಿಸಿದವರು, ರಾಣಿಗೆ ದನಿ ಕೊಟ್ಟವರು ಇದನ್ನು ನೋಡಿದಾಗ ಏನಂದುಕೊಳ್ತಾರೋ.

ಒಂದು ಮಾತು ಹೇಳಿಬಿಡ್ತೀನಿ. ನಿನ್ನೆ ಆ ಸಾಲು ಓದಿ ನನಗೆ ಅಳು ಬಂತು. ಆಟಕ್ಕೆಲ್ಲ ಅಳ್ತಾರಾ ಅಂತ ಕೇಳಬೇಡಿ. ನಿಧಾನವಾಗಿ ಕಲಿಯೋ ಮಗುವಿನ ಬೆಂಚಿನ ಪಕ್ಕ ನಿಂತು, ಅದು ತಾನಾಗೇ ತಲೆ ಎತ್ತೋ ತನಕ ಕಾಯೋದು ನನ್ನ ಕೆಲಸ. ಅದನ್ನು ನಾನು ಪ್ರೀತಿಯಿಂದ ಮಾಡ್ತೀನಿ. ನಿನ್ನೆ ಆ ಮಗುವಿನ ಜಾಗದಲ್ಲಿ ನಾನಿದ್ದೆ. ಕಾಯೋದು ಬರೀ ಎರಡು ನಿಮಿಷದ ಮಾತಾಗಿತ್ತು. ನಾಲ್ಕು ಜನರಲ್ಲಿ ಒಬ್ಬರೂ 'ಇರಲಿ ಬಿಡಿ' ಅನ್ನಲಿಲ್ಲ ಅನ್ನೋದು ಬೈಗುಳಕ್ಕಿಂತ ಹೆಚ್ಚು ನೋಯಿಸ್ತು.

ಒಳ್ಳೆಯವರೇ ಇಲ್ಲ ಅಂತಲ್ಲ. ಹೋದ ವಾರ ಒಬ್ಬ ಟ್ಯಾಂಕ್ ಪ್ರತಿ ಬಾಸ್ ಮುಂಚೆ ನಿಂತು, ಹೀಲರ್ ತಯಾರಾ ಅಂತ ಕೇಳಿ, ನಾನು ಹೂಂ ಅಂದ ಮೇಲೇ ಮುಂದೆ ಹೆಜ್ಜೆ ಇಟ್ಟ. ಇಡೀ ಡಂಜನ್‌ಗೆ ಐದು ನಿಮಿಷ ಹೆಚ್ಚಾಗಿರಬಹುದು. ಆ ಮನುಷ್ಯ ಯಾರು, ಯಾವ ದೇಶದವನು ಗೊತ್ತಿಲ್ಲ, ಆದರೆ ಅವತ್ತು ಕಲಿತಷ್ಟು ನಾನು ಅದಕ್ಕೆ ಮುಂಚೆ ಎಂದೂ ಕಲಿತಿರಲಿಲ್ಲ.

ತಮ್ಮನನ್ನೇ ಕರ್ಕೊಂಡು ಹೋಗು ಅಂತ ಈಗಾಗಲೇ ಇಬ್ಬರು ಇನ್‌ಬಾಕ್ಸಿನಲ್ಲಿ ಹೇಳಿದ್ದೀರಿ. ಅವನು ಕೊನೇ ಲೆವೆಲ್‌ನಲ್ಲಿದ್ದಾನೆ. ಅವನು ಬಂದು ಕತ್ತಿ ಒಂದು ಸಲ ಬೀಸಿದರೆ ನನ್ನ ಲೆವೆಲ್‌ನ ರಾಕ್ಷಸರೆಲ್ಲ ಒಟ್ಟಿಗೇ ಉರುಳ್ತಾರೆ, ನನಗೆ ಆಡೋಕೆ ಏನೂ ಉಳಿಯೋದಿಲ್ಲ. ಅವನು ನನಗೋಸ್ಕರ ಹೊಸ ಪಾತ್ರ ಶುರು ಮಾಡಿದ್ದಾನೆ, ಆದರೆ ಅವನ ರಜೆ ಸಿಗೋದು ಯಾವಾಗಲೋ ಒಮ್ಮೆ.

ಅದಕ್ಕೆ ಕೇಳ್ತಿದ್ದೀನಿ. ನನ್ನ ಸ್ನೇಹಿತರ ಪಟ್ಟಿಯಲ್ಲಿ ಇಂಥ ಆಟ ಆಡೋರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು, ಎಷ್ಟೋ ಜನ ಹೇಳಿಕೊಳ್ಳೋದಿಲ್ಲ ಅನ್ನೋದೂ ಗೊತ್ತು. ಶನಿವಾರ ರಾತ್ರಿ ಅದೇ ಡಂಜನ್‌ಗೆ ಮತ್ತೆ ಹೋಗ್ತೀನಿ. ಒಬ್ಬ ಟ್ಯಾಂಕ್ ಬೇಕು, ಡ್ಯಾಮೇಜ್ ಮಾಡೋರು ಮೂವರು ಬೇಕು. ಯಾವ ಗೇರ್, ಅಂದರೆ ಯಾವ ಆಯುಧ, ಯಾವ ಕವಚ ಅಂತ ನಾನು ಕೇಳೋದಿಲ್ಲ. ಹತ್ತು ಸಲ ಗುಂಪೆಲ್ಲ ಸತ್ತು ವೈಪ್ ಆದರೂ ಪರವಾಗಿಲ್ಲ, ಮೊದಲ ಸಲ ಬರೋರಾದ್ರೆ ಇನ್ನೂ ಒಳ್ಳೇದು. ಕಟ್‌ಸೀನ್ ಬಂದಾಗ ಮಾತ್ರ ಎಲ್ಲರೂ ನಿಲ್ಲಬೇಕು. ಬರೋರು ಕೆಳಗೆ ನಿಮ್ಮ ಪಾತ್ರದ ಹೆಸರು ಹಾಕಿ, ನಾನು ಆಹ್ವಾನ ಕಳಿಸ್ತೀನಿ.