ಸ್ಪಷ್ಟನೆ: ನ್ಯೂಟ್ರಲ್‌ಗೆ ಹಾಕಿದರೆ ಸಾಲದು

"ಮ್ಯಾನ್ಯುವಲ್ ಗೇರಿನ ಕಾರು ತಾನೆ, ನ್ಯೂಟ್ರಲ್‌ಗೆ ಹಾಕಿ ಎಷ್ಟು ದೂರ ಬೇಕಾದರೂ ಎಳೆದುಕೊಂಡು ಹೋಗಿ" ಎಂಬ ಸಲಹೆ ಹರಿದಾಡುತ್ತಿದೆ. ಮಾಜ್ದಾ ಎಂಎಕ್ಸ್-5ರಂಥ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರಿಗೆ ಇದು ತಪ್ಪು, ಗೇರ್‌ಬಾಕ್ಸನ್ನೇ ತಿನ್ನುವಂಥ ತಪ್ಪು.

ಹಿಂದಿನ ಚಕ್ರ ರಸ್ತೆಯ ಮೇಲೆ ಉರುಳಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಉದ್ದನೆಯ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ, ಅದರೊಂದಿಗೆ ಅದಕ್ಕೆ ಜೋಡಿಸಿದ ಗೇರ್‌ಬಾಕ್ಸಿನ ಮೇನ್‌ಶಾಫ್ಟ್ ಕೂಡ. ಆದರೆ ಗೇರ್ ಆಯಿಲ್‌ನಲ್ಲಿ ಮುಳುಗಿದ್ದು ಅದನ್ನು ಮೇಲಕ್ಕೆ ಎರಚುವುದು ಗೇರ್‌ಬಾಕ್ಸಿನ ಕೆಳಗಿನ ಇನ್ನೊಂದು ದಂಡವಾದ ಲೇಶಾಫ್ಟ್; ಎಂಜಿನ್ ನಿಂತಾಗ ಅದು ತಿರುಗುವುದೇ ಇಲ್ಲ. ನಿಂತ ಗೇರುಗಳೊಳಗೆ ಮೇನ್‌ಶಾಫ್ಟ್ ಮಾತ್ರ ಸುತ್ತುತ್ತಿರುತ್ತದೆ. ನಡುವಿನ ಸೂಜಿ ಬೇರಿಂಗ್‌ಗಳು ಒಣಗಿ, ಕಾದು, ನೀಲಿಗಟ್ಟುತ್ತವೆ. ಕ್ಲಚ್ ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ಮುಂದಿನ ಚಕ್ರ ಮಾತ್ರ ಎತ್ತಿ ಎಳೆದರೂ ಇದೇ ಗತಿ.

ದೂರದ ದಾರಿಗೆ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಲಾರಿ, ಅಂದರೆ ಫ್ಲಾಟ್‌ಬೆಡ್ಡೇ ಸರಿ. ಬಂಪರ್ ಉಜ್ಜದಂತೆ ರ‍್ಯಾಂಪಿನ ಬುಡಕ್ಕೆ ಹಲಗೆ ಕೊಡಿ. ಪಟ್ಟಿಗಳನ್ನು ಸಸ್ಪೆನ್ಷನ್‌ಗಲ್ಲ, ನಾಲ್ಕೂ ಟೈರಿಗೆ ಬಿಗಿಯಿರಿ.

ಫ್ಲಾಟ್‌ಬೆಡ್ ಸಿಗದಿದ್ದರೆ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಬಳಿಯ 4 ಬೋಲ್ಟ್ ಬಿಚ್ಚಿ ಪ್ರೊಪೆಲ್ಲರ್ ಶಾಫ್ಟನ್ನು ಹೊರಗೆಳೆಯಿರಿ. ಬಿಚ್ಚುವ ಮುನ್ನ ಬೋಲ್ಟ್ ಕೂರುವ ಎರಡೂ ಫ್ಲ್ಯಾಂಜಿನ (ಜೋಡಣೆಯ ಬಿಲ್ಲೆ) ಮೇಲೆ ಗುರುತಿನ ಗೆರೆ ಹಾಕಿಕೊಳ್ಳಿ, ಇಲ್ಲವಾದರೆ ಮತ್ತೆ ಜೋಡಿಸಿದಾಗ ನಡುಕ ಬರಬಹುದು. ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಶಾಫ್ಟ್ ತೆಗೆದ ತೂತಿನಿಂದ ಆಯಿಲ್ ಸುರಿಯುತ್ತದೆ. ಅದಕ್ಕೆ ಮುಚ್ಚಳ ಬೇಕೇ ಬೇಕು.