ಮೊದಲು ಬಂದವರಿಗೆ ಮೊದಲ ಮಣೆ

ಸಿಕ್ಕ ಮಾಹಿತಿಯಲ್ಲಿ ನಮಗೆ ಬೇಕಾದದ್ದು ಯಾವುದು ಎಂದು ತೀರ್ಮಾನಿಸುವುದು ಬಲು ಕಷ್ಟ ಎಂದು ಗ್ರಂಥಾಲಯ ವಿಜ್ಞಾನದವರು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಪಾಪ! ಸಾರ್ವಜನಿಕರು ಆ ಸಮಸ್ಯೆಯನ್ನು ಹೆಬ್ಬೆರಳಿನಲ್ಲೇ ಬಗೆಹರಿಸಿ ಬಹಳ ಕಾಲವಾಯಿತು. ಎರಡು ಪದ ಟೈಪಿಸು, ಮೇಲಿನದನ್ನು ಒತ್ತು, ತಲೆಬರಹ ನೋಡು, ಫಾರ್ವರ್ಡ್ ಮಾಡು. ನಡುವೆ 'ಓದು' ಎಂಬ ಹಂತ ಬಿಟ್ಟುಹೋಗಿದೆ ಅನಿಸಿದರೆ, ಅದು ಮುದ್ರಣದೋಷವಲ್ಲ.

ಮೇಲಿರುವುದೇ ಮೇಲು ಎಂಬ ಈ ಭಕ್ತಿ ಎಷ್ಟು ಗಟ್ಟಿ ಎಂದು 2005ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. ಗೂಗಲ್ ಕೊಟ್ಟ ಫಲಿತಾಂಶಗಳಲ್ಲಿ ಮೊದಲೆರಡನ್ನು ಗುಟ್ಟಾಗಿ ಅದಲುಬದಲು ಮಾಡಿ, ವಿದ್ಯಾರ್ಥಿಗಳ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಎಂದು ಯಂತ್ರ ಇಟ್ಟು ನೋಡಿದರು. ಎರಡನೆಯದು ಮೊದಲ ಜಾಗಕ್ಕೆ ಬಂದು ಕೂತಾಗಲೂ ಹೆಚ್ಚಿನ ಕ್ಲಿಕ್ ಬಿದ್ದದ್ದು ಆ ಮೊದಲ ಜಾಗಕ್ಕೇ. ಪಟ್ಟಿಯನ್ನೇ ತಲೆಕೆಳಗು ಮಾಡಿದಾಗ ಕಣ್ಣೂ ಕ್ಲಿಕ್ಕೂ ತುಸು ಕೆಳಗಿಳಿದವು, ಅಷ್ಟೆ. ಕುರ್ಚಿಗೆ ಕೈಮುಗಿಯುವವರಿಗೆ ಕೂತವರು ಯಾರಾದರೇನು?

ಕುರ್ಚಿ ನೋಡದವರು ಪದ ನೋಡುತ್ತಾರೆ. ಹುಡುಕಿದ ಪದ ಪುಟದಲ್ಲಿ ದಪ್ಪಕ್ಷರದಲ್ಲಿ ಕಂಡರೆ ಮುಗಿಯಿತು, ಅದು ನಮ್ಮ ಪ್ರಶ್ನೆಗೇ ಹುಟ್ಟಿದ ಪುಟ. ಮಗುವಿಗೆ ಜ್ವರ, ಪ್ಯಾರಸಿಟಮಾಲ್ ಸಿರಪ್ ಎಷ್ಟು ಕೊಡಬೇಕು ಎಂದು ಹುಡುಕಿದ್ದಾಯಿತು ಅನ್ನಿ. ಒಂದು ಪುಟ '5 ಮಿ.ಲೀ.' ಎನ್ನುತ್ತದೆ. ಜ್ವರ ಇದೆ, ಮಗು ಇದೆ, ಸಿರಪ್ ಇದೆ, ಸಂಖ್ಯೆಯೂ ಇದೆ, ಇನ್ನೇನು ಬೇಕು? ಬೇಕಾದದ್ದು ಬಾಟಲಿಯ ಚೀಟಿಯಲ್ಲಿದೆ. ಸಾಮಾನ್ಯ ಲೆಕ್ಕ ಒಂದು ಸಲಕ್ಕೆ ಮಗುವಿನ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಹನ್ನೆರಡು ಕಿಲೋ ಮಗುವಿಗೆ 120ರಿಂದ 180. ಆದರೆ ಸಿರಪ್ 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವುದೂ ಬರುತ್ತದೆ, 250 ಇರುವುದೂ ಬರುತ್ತದೆ. ಅದೇ ಚಮಚ ಮೊದಲನೆಯದರಲ್ಲಿ ಸರಿ, ಎರಡನೆಯದರಲ್ಲಿ ಮಿತಿ ದಾಟಿತು. ಮಗುವಿನ ತೂಕ, ಔಷಧಿಯ ಸಾಂದ್ರತೆ ಎರಡನ್ನೂ ಹೇಳದ ಪುಟ ವಿಷಯಕ್ಕೆ ಸಂಬಂಧಪಟ್ಟದ್ದು ಹೌದು, ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲ. ಈ ವ್ಯತ್ಯಾಸ ತಿಳಿಯಲು ಹುಡುಕುವ ಮೊದಲು ಪ್ರಶ್ನೆಯನ್ನು ಪೂರ್ತಿ ವಾಕ್ಯವಾಗಿ ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಆದರೆ ಚೀಟಿ ಹುಡುಕಲು ಯಾರಿಗೆ ಪುರುಸೊತ್ತು?

ಮೂರನೆಯ ಅಳತೆಗೋಲು ಎಲ್ಲಕ್ಕಿಂತ ಜನಪ್ರಿಯ: ನನ್ನ ಮಾತನ್ನೇ ಹೇಳಿದರೆ ಅದು ಮಾಹಿತಿ, ಬೇರೆ ಹೇಳಿದರೆ ಅಪಪ್ರಚಾರ. 'ಮೊಬೈಲ್ ವಿಕಿರಣದ ಅಪಾಯಗಳು' ಎಂದು ಹುಡುಕಿ, ಸಿಕ್ಕ ಪುಟಗಳಲ್ಲೆಲ್ಲ ಅಪಾಯವೇ ತುಂಬಿದೆ ಎಂದು ಗಾಬರಿಯಾಗುವವರು ಈ ಪಂಥದ ಹಿರಿಯರು.

ಹಾಗಾದರೆ ಇದನ್ನೇ ಕಸುಬು ಮಾಡಿಕೊಂಡವರು ಹೇಗೆ ತೀರ್ಮಾನಿಸುತ್ತಾರೆ? ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 1992ರಿಂದ ಹುಡುಕುಯಂತ್ರಗಳನ್ನು ಹೋಲಿಸಿ ನೋಡಲು ನಡೆಸುತ್ತಿರುವ ಟ್ರೆಕ್ ಎಂಬ ಪರೀಕ್ಷೆಯಲ್ಲಿ, ದಾಖಲೆ ಬೇಕಾದದ್ದೋ ಅಲ್ಲವೋ ಎಂದು ಹೇಳುವ ತೀರ್ಪುಗಾರರಿಗೆ ನಿಯಮ ಸರಳ: ಈ ವಿಷಯದ ಮೇಲೆ ವರದಿ ಬರೆಯಲು ಕೂತರೆ ಈ ದಾಖಲೆಯಿಂದ ಏನನ್ನಾದರೂ ಎತ್ತಿಕೊಳ್ಳುತ್ತೀರಾ? ಒಂದೇ ಸಾಲಾದರೂ ಸರಿ, ಎತ್ತಿಕೊಳ್ಳುವುದಾದರೆ ಅದು ಸಂಬಂಧಪಟ್ಟದ್ದು. ಚೆನ್ನಾದ ನಿಯಮ. ಆದರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರು ತೀರ್ಪುಗಾರರಲ್ಲಿ ಯಾರಾದರೂ ಒಬ್ಬರು 'ಹೌದು' ಎಂದ ದಾಖಲೆಗಳನ್ನೆಲ್ಲ ರಾಶಿ ಹಾಕಿ ನೋಡಿದರೆ, ಇಬ್ಬರೂ ಒಪ್ಪಿದ್ದು ಅರ್ಧಕ್ಕಿಂತ ಕಡಿಮೆ. ಮೂವರನ್ನು ಕೂರಿಸಿದರೆ ಒಮ್ಮತ ಸುಮಾರು ಶೇ. 30ಕ್ಕೆ ಇಳಿಯಿತು. ಯಾವ ಹುಡುಕುಯಂತ್ರ ಉತ್ತಮ ಎಂಬ ಒಟ್ಟಾರೆ ಪಟ್ಟಿ ಮಾತ್ರ ಇದರಿಂದ ಹೆಚ್ಚೇನೂ ಅಲುಗಲಿಲ್ಲ ಎನ್ನುವುದು ಬೇರೆ ಮಾತು. ತರಬೇತಿ ಪಡೆದು, ನಿಯಮ ಕೈಯಲ್ಲಿ ಹಿಡಿದು, ದಾಖಲೆ ಓದಿಯೂ ಒಪ್ಪಂದಕ್ಕೆ ಬಾರದವರು ಇವರು. ಓದದೇ ಇರುವ ಗುಂಪುಗಳಲ್ಲಿ ಸಂಪೂರ್ಣ ಒಮ್ಮತ ಇರುವುದರ ಗುಟ್ಟು ಈಗ ತಿಳಿಯಿತಲ್ಲ.

ಇನ್ನೊಂದು ವಿಚಿತ್ರ ಜಾತಿ ಫ್ಯಾಕ್ಟ್‌ಚೆಕ್ ಮಾಡುವವರದು. ಜಾಲತಾಣವನ್ನು ನಂಬಬಹುದೇ ಎಂದು ಯಾರು ಹೇಗೆ ಅಳೆಯುತ್ತಾರೆ ಎಂದು ತಿಳಿಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅವರನ್ನು ಇತಿಹಾಸದ ಪಂಡಿತರ ಪಕ್ಕದಲ್ಲೂ ವಿದ್ಯಾರ್ಥಿಗಳ ಪಕ್ಕದಲ್ಲೂ ಕೂರಿಸಿ ನೋಡಿದರು. ಫಲಿತಾಂಶಗಳ ಪಟ್ಟಿ ಬಂದ ಕೂಡಲೇ ಇವರು ಒತ್ತುವುದಿಲ್ಲ. ವಿಳಾಸ, ಕೆಳಗಿನ ಎರಡು ಸಾಲು ನೋಡುತ್ತಾ ಪಟ್ಟಿ ಪೂರ್ತಿ ಇಳಿಯುತ್ತಾರೆ. ಪುಟ ತೆರೆದರೂ ಅಲ್ಲಿ ಕೂರುವುದಿಲ್ಲ. ಬೇರೆ ಕಿಟಕಿ ತೆರೆದು, ಆ ಪುಟ ಹಾಕಿದ ಸಂಸ್ಥೆಯ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ಹುಡುಕಲು ಓಡುತ್ತಾರೆ. ಪಂಡಿತರಲ್ಲಿ ಹಲವರು ಪುಟದಲ್ಲೇ ಕೂತು ಲೋಗೋ, 'ನಮ್ಮ ಬಗ್ಗೆ' ಎಲ್ಲವನ್ನೂ ಭಯಭಕ್ತಿಯಿಂದ ಓದಿ ಮೋಸಹೋದರು. ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನು ಓದಿ ಪ್ರಾಮಾಣಿಕತೆ ಅಳೆಯುವುದು, ಎಷ್ಟಾದರೂ, ವಿದ್ವತ್ತಿನ ಲಕ್ಷಣ.

ಆದರೆ ತೃಪ್ತಿಯ ವಿಷಯದಲ್ಲಿ ವಕೀಲರನ್ನು ಮೀರಿಸುವವರಿಲ್ಲ. 1985ರಲ್ಲಿ ಬ್ಲೇರ್ ಮತ್ತು ಮ್ಯಾರನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವಿದು: ಒಂದು ದೊಡ್ಡ ಮೊಕದ್ದಮೆಯ ಸುಮಾರು 40,000 ದಾಖಲೆಗಳು ಕಂಪ್ಯೂಟರಿನಲ್ಲಿ. ಬೇಕಾದವುಗಳಲ್ಲಿ ಕನಿಷ್ಠ ಶೇ. 75 ಕೈಗೆ ಸಿಗಬೇಕು ಎಂದು ವಕೀಲರ ಪಟ್ಟು. ಪದ ಬದಲಿಸಿ ಬದಲಿಸಿ ಹುಡುಕಿಸಿ, 'ಸಿಕ್ಕಿತು' ಎಂದು ಸಮಾಧಾನವಾದ ಮೇಲೆಯೇ ನಿಲ್ಲಿಸಿದರು. ಸಂಶೋಧಕರು ಸಿಗದೇ ಉಳಿದ ರಾಶಿಯಿಂದ ಒಂದಿಷ್ಟು ಮಾದರಿ ತೆಗೆದು ವಕೀಲರ ಕೈಗೇ ಕೊಟ್ಟು ಓದಿಸಿದರು. ಸಿಕ್ಕಿದ್ದು ಸುಮಾರು ಶೇ. 20 ಮಾತ್ರ ಎಂದು ಗೊತ್ತಾಯಿತು. ಕಾರಣ ಸೊಗಸಾಗಿದೆ. 'ಅಪಘಾತ' ಎಂದು ಹುಡುಕಿದರೆ, ತಪ್ಪು ಹೊರಬೇಕಾದ ಕಡೆಯವರು ತಮ್ಮ ಕಾಗದಗಳಲ್ಲಿ ಆ ಪದವನ್ನು ಹೆಚ್ಚಾಗಿ ಬಳಸಿರಲಿಲ್ಲ. 'ಘಟನೆ', 'ಪರಿಸ್ಥಿತಿ', 'ತೊಂದರೆ' ಎಂದೆಲ್ಲ ಬರೆದು, ತೀರಾ ಸಂಕಟವಾದಾಗ 'ದುರದೃಷ್ಟಕರ ಸನ್ನಿವೇಶ' ಎಂದಿದ್ದರು. ಅಪಘಾತ ಮಾಡಿದವರು ಅದನ್ನು ಅಪಘಾತ ಎಂದೇ ಬರೆದಿಟ್ಟು, ಹುಡುಕುವವರಿಗೆ ಅನುಕೂಲ ಮಾಡಿಕೊಡಬೇಕೆಂದು ಯಾವ ಕಾನೂನಿನಲ್ಲಿದೆ, ಹೇಳಿ?